ಚೌಡಮ್ಮನ ಸಾಲು

ನನಗೆ ಇಂಗ್ಲಿಷ್ ಬರುತ್ತದೆ ಎಂದರೆ ನಗಬೇಡಿ. ಎ ಇಂದ ಎಚ್ ವರೆಗೆ ಬರುತ್ತದೆ. ಎಚ್ ಆದ ಮೇಲೆ ನಮ್ಮ ಅತ್ತೆಯ ಕಾಲದ ರುಬ್ಬುವ ಒರಳು ಬರುತ್ತದೆ, ಒರಳಿನ ಆಚೆ ಗೋಡೆ. ಅಲ್ಲಿಗೆ ನನ್ನ ವಿದ್ಯಾಭ್ಯಾಸ ಮುಗಿಯಿತು.

ಮೊನ್ನೆ ಮನೆಗೆ ಕರೆಂಟಿನ ಗ್ರೈಂಡರ್ ಬಂತು. ತಿರುಪ್ಪೂರಿನ ನಮ್ಮ ಬೀದಿಯಲ್ಲಿ ಅರ್ಧಕ್ಕರ್ಧ ಮನೆಗಳಲ್ಲಿ ಅದು ಗರಗರ ಎನ್ನಲು ಶುರುವಾಗಿ ಎಷ್ಟೋ ದಿನವಾಗಿತ್ತು. ನಮ್ಮವರು ಈಗ ಮನಸ್ಸು ಮಾಡಿದರು. ಒರಳಿಗೆ ಇನ್ನು ಕೆಲಸವಿಲ್ಲ ಎಂದು ಇಬ್ಬರು ಆಳು ಬಂದು ಅದನ್ನು ಉರುಳಿಸಿಕೊಂಡು ಹಿತ್ತಲಿಗೆ ಒಯ್ದರು. ಅದು ಕೂತಿದ್ದ ಜಾಗ ಗುಡಿಸಲು ಹೋದೆ. ಒಣಗಿದ ಉದ್ದಿನ ಹಿಟ್ಟು, ಹಲ್ಲು ಮುರಿದ ಬಾಚಣಿಗೆ, ಜಿರಲೆ ರೆಕ್ಕೆ, ಅವುಗಳ ನಡುವೆ ಕುಂಕುಮದ ಭರಣಿಯ ಹಿತ್ತಾಳೆ ಮುಚ್ಚಳ. ಇದಕ್ಕಾಗಿ ಒಂದು ಕಾಲದಲ್ಲಿ ಮನೆಯೆಲ್ಲ ಜಾಲಾಡಿದ್ದೆವು. ಅತ್ತೆ ಅಮ್ಮನಿಗೆ ಹರಕೆ ಕೂಡ ಕಟ್ಟಿಕೊಂಡಿದ್ದರು. ಅಮ್ಮ ಎಂದರೆ ಹೆತ್ತವಳನ್ನು ಹೇಳುತ್ತಿಲ್ಲ. ನೇಯುವವರ ಮನೆದೇವರು ಚೌಡಮ್ಮನನ್ನು. ಅವಳು ಕೊಡುವುದನ್ನು ಕೊಟ್ಟೇ ಕೊಡುತ್ತಾಳೆ, ತಡವಾಗಿ ಕೊಡುತ್ತಾಳೆ ಅಷ್ಟೆ.

ಮುಚ್ಚಳವನ್ನು ಸೆರಗಿನಲ್ಲಿ ಒರೆಸಿ, ಕೈಯಲ್ಲಿ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟೆ. ಆಳುಗಳು ಕಾಫಿಗೆ ಕಾಯುತ್ತಿದ್ದರು. ಕಾಯಲಿ. ಈ ಮುಚ್ಚಳ ನಮ್ಮ ಮನೆಯಲ್ಲಿ ಕೆಲವು ತಿಂಗಳು ಕರ್ಸರ್ ಆಗಿತ್ತು. ಕರ್ಸರ್ ಎಂದರೇನು ಎಂದು ಕೇಳುತ್ತೀರಿ. ಹೇಳುತ್ತೇನೆ, ಆದರೆ ನನ್ನ ಬುದ್ಧಿ ನೇರ ದಾರಿಯಲ್ಲಿ ನಡೆಯುವಂಥದ್ದಲ್ಲ. ಸ್ವಲ್ಪ ಸುತ್ತಿಕೊಂಡು ಬರಬೇಕು.

ನಾನು ಕೊಳ್ಳೇಗಾಲದವಳು. ನೇಯುವವರ ಮನೆಯಿಂದ ನೇಯುವವರ ಮನೆಗೇ ಬಂದೆ. ತಿರುಪ್ಪೂರಾದರೇನು, ಅವರೂ ಮನೆಯೊಳಗೆ ಕನ್ನಡವೇ ಆಡುತ್ತಾರೆ ಎಂದು ಸಮಾಧಾನ ಹೇಳಿ ಮದುವೆ ಮಾಡಿದ್ದರು. ಬಂದು ಕೇಳಿದರೆ ಆ ಕನ್ನಡಕ್ಕೆ ತಮಿಳಿನ ರಾಗ. ಅರ್ಧ ಮಾತು ಅರ್ಥವಾಗುವ ಹೊತ್ತಿಗೆ ಉಳಿದರ್ಧ ಮುಗಿದಿರುತ್ತಿತ್ತು. ನನ್ನ ಮಾತು ಅವರಿಗೆ ಇನ್ನೂ ವಿಚಿತ್ರ. ನಾದಿನಿ ರುಕ್ಕು, ನಮ್ಮವರ ಒಬ್ಬಳೇ ತಂಗಿ, ದಾವಣಿಯ ತುದಿಯನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. "ಅತ್ಗೆ ರೇಡಿಯೋದಲ್ಲಿ ನ್ಯೂಸ್ ಓದ್ದಂಗೆ ಸಾರು ಬಡಿಸ್ತದೆ" ಎನ್ನುತ್ತಿದ್ದಳು. ಆ ಮನೆಯಲ್ಲಿ ಕನ್ನಡದ ಅಕ್ಷರ ಓದಲು ಬರುತ್ತಿದ್ದುದು ನನಗೊಬ್ಬಳಿಗೇ. ಅದರಿಂದ ನನಗೊಂದು ಜಂಬವೂ ಇತ್ತು. ಆ ಜಂಬ ಇಳಿಸಲು ದೇವರು ಎ ಬಿ ಸಿ ಡಿ ಕಳಿಸಿದ.

ಮಕ್ಕಳಾಗದ ನನಗೆ ರುಕ್ಕು ಮಗಳೂ ಆದಳು, ಗೆಳತಿಯೂ ಆದಳು. ಚಿಕ್ಕಂದಿನಲ್ಲಿ ಅವಳಿಗೆ ಮೇಲಿಂದ ಮೇಲೆ ಕೀಲುನೋವಿನ ಜ್ವರ ಬಂದು, ಅದು ಎದೆಗೆ ಇಳಿದಿತ್ತು. ಹೃದಯದೊಳಗಿನ ಬಾಗಿಲೊಂದು ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ ಎಂದು ಕೊಯಮತ್ತೂರಿನ ಡಾಕ್ಟರು ಹೇಳಿದ್ದರು. ತಿಂಗಳಿಗೊಂದು ಸೂಜಿ. ಭಾರ ಎತ್ತಬಾರದು, ಓಡಬಾರದು, ಮದುವೆಯಾದರೂ ಬಸಿರು ಕೂಡದು. ಈ ಕೊನೆಯ ಮಾತನ್ನು ಗಂಡಿನ ಕಡೆಯವರಿಗೆ ಹೇಳದೆ ಇರೋಣ ಎಂದು ನೆಂಟರು ಅಂದರು. ಅತ್ತೆ ಒಪ್ಪಲಿಲ್ಲ. ನೇಯ್ಗೆಯಲ್ಲಿ ಎಳೆ ತುಂಡಾಗಿದ್ದರೆ ಕೊಳ್ಳುವವರಿಗೆ ತೋರಿಸಿಯೇ ಮಾರುತ್ತಿದ್ದ ಮನೆ ಅದು. ಬಂದವರು ಕಾಫಿ ಕುಡಿದು, ಪಂಚೆ ಕೊಡವಿಕೊಂಡು ಎದ್ದು ಹೋದರು. ಆಮೇಲಾಮೇಲೆ ಬರುವವರೂ ಇಲ್ಲವಾದರು.

ನೇಯುವವರ ಮನೆಯಲ್ಲಿ ಹುಟ್ಟಿದರೂ ಮಗ್ಗ ತುಳಿಯಲು ಅವಳಿಗೆ ಉಸಿರು ಸಾಲದು. ಮಾವನವರು ಹೋದ ಮೇಲೆ ಮಗ್ಗವೂ ಹೋಯಿತು. ನಮ್ಮವರು ಕಾಂಗೇಯದ ಎಣ್ಣೆ ಗಿರಣಿಗೆ ಸೇರಿ, ಸಂಜೆ ಕೊಬ್ಬರಿಯ ವಾಸನೆ ಹೊತ್ತುಕೊಂಡು ಬಸ್ಸಿಳಿಯುವವರಾದರು. ಮಗ್ಗದ ಗುಂಡಿಗೆ ಮಣ್ಣು ತುಂಬಿ ಸಿಮೆಂಟು ಬಳಿದೆವು. ರುಕ್ಕು ಪ್ಲಸ್ ಟೂ ಮುಗಿಸಿ, ಟೈಪ್‌ರೈಟಿಂಗ್ ಲೋವರ್, ಹೈಯರ್ ಎರಡೂ ಪಾಸಾಗಿ, ಆ ಸಿಮೆಂಟಿನ ಮೇಲೆ ಚಾಪೆ ಹಾಸಿಕೊಂಡು ಕೂತಿರುತ್ತಿದ್ದಳು. ಯಾರೂ ಅವಳನ್ನು ಒಂದು ಮಾತು ಅಂದದ್ದಿಲ್ಲ. ಅನ್ನದೆ ಇದ್ದದ್ದೇ ಅವಳಿಗೆ ಕಷ್ಟವಾಯಿತೋ ಏನೋ. ಒಂದು ದಿನ ಸೊಪ್ಪು ಬಿಡಿಸುತ್ತಾ ಹೇಳಿದಳು:

"ಅತ್ಗೆ, ನನಗೆ ಕೂತು ಮಾಡೋ ಕೆಲ್ಸ ಒಂದು ಬೇಕು. ಸುಮ್ನೆ ಕೂತಿರಾದು ಬೇರೆ, ಕೂತು ಮಾಡಾದು ಬೇರೆ."

ನಾನು ಬಿಡಿಸಿದ ಸೊಪ್ಪನ್ನು ಎತ್ತಿಕೊಂಡು ಒಲೆಯ ಕಡೆ ಹೋದೆ.

ಆಗ ತಿರುಪ್ಪೂರಿನ ಬನಿಯನ್ ಕಂಪನಿಗಳಿಗೆ ಒಂದೊಂದಾಗಿ ಕಂಪ್ಯೂಟರ್ ಬರಲು ಶುರುವಾಗಿತ್ತು. ಟೈಪು ಬಲ್ಲ ಹೆಣ್ಣುಮಕ್ಕಳು ಕೊಯಮತ್ತೂರಿಗೆ ಹೋಗಿ ಕಲಿತು ಬಂದರೆ ಕೆಲಸ ಸಿಗುತ್ತದೆ ಎಂಬ ಸುದ್ದಿ. ರುಕ್ಕು ಅಣ್ಣನನ್ನು ಕೇಳಿದಳು. ನಮ್ಮವರು ಮಾತು ಕಡಿಮೆ. ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ ಬಸ್ಸು ಎಲ್ಲಿ ಹತ್ತಬೇಕು, ಎಲ್ಲಿ ಇಳಿಯಬೇಕು ಎಂದು ಅವಳಿಗೆ ವಿವರಿಸಿದರು. ಅದೇ ಅವರ ಒಪ್ಪಿಗೆ. ಮೊದಲ ದಿನ ಜೊತೆಗೆ ನಾನು ಹೋದೆ.

ಆ ಕಂಪ್ಯೂಟರ್ ಕ್ಲಾಸನ್ನು ನೋಡಿ ನನಗೆ ನಿಜವಾಗಿಯೂ ಭಕ್ತಿ ಬಂತು. ಬಾಗಿಲಲ್ಲಿ ಚಪ್ಪಲಿ ಬಿಡಬೇಕು. ಒಳಗೆ ತಣ್ಣಗೆ, ಕತ್ತಲೆ ಕತ್ತಲೆ. ಎಲ್ಲರೂ ಪಿಸುಮಾತು. ಗಾಜಿನ ಹಿಂದೆ ಹಸಿರು ಅಕ್ಷರ ದೀಪದ ಹಾಗೆ ಮಿನುಗುತ್ತಿತ್ತು. ಇನ್ನೇನು ತೀರ್ಥ ಕೊಡುತ್ತಾರೆ ಎಂದು ನಾನು ಬಲಗೈಯನ್ನು ಸಿದ್ಧ ಮಾಡಿಕೊಂಡೇ ನಿಂತಿದ್ದೆ. ಆದರೆ ಗರ್ಭಗುಡಿ ಒಂದು, ಭಕ್ತರು ಬಹಳ. ಮೂರು ಜನಕ್ಕೆ ಒಂದು ಮೆಷೀನು, ತಲೆಗೆ ಸಿಗುವುದು ಸ್ವಲ್ಪ ಹೊತ್ತು, ಅಷ್ಟರಲ್ಲಿ ಕರೆಂಟ್ ಹೋದರೆ ಹೊಡೆದದ್ದೆಲ್ಲ ಮಾಯ. ಮನೆಯಲ್ಲಿ ಅಭ್ಯಾಸ ಮಾಡಿ ಬನ್ನಿ ಎಂದು ಟೀಚರು ಹೇಳಿದರಂತೆ. ಮನೆಯಲ್ಲಿ ಏನಿದೆ? ಒರಳಿದೆ.

ರುಕ್ಕು ಒರಳಿನ ಪಕ್ಕದ ಸಿಮೆಂಟಿನ ಮೇಲೆ, ಅವಳ ಅಪ್ಪನ ಮಗ್ಗದ ಗುಂಡಿ ಇದ್ದಲ್ಲಿ, ಇಲ್ಲಿನವರು ಕೋಲ ಎನ್ನುವ ರಂಗೋಲಿಯ ಗೆರೆ ಎಳೆದ ಹಾಗೆ ಗೆರೆ ಎಳೆದಳು. ಉದ್ದಕ್ಕೆ ಒಂದಷ್ಟು, ಅಡ್ಡಕ್ಕೆ ಒಂದಷ್ಟು. ಮೇಲ್ಗಡೆ ಎ, ಬಿ, ಸಿ. ಎಡಗಡೆ ಒಂದು, ಎರಡು, ಮೂರು. ಇದರ ಹೆಸರು ಸ್ಪ್ರೆಡ್‌ಶೀಟ್ ಎಂದಳು. ಎಚ್ ಬರೆದು ನೋಡಿದರೆ ಮುಂದೆ ಒರಳು. ಅದನ್ನು ಸರಿಸುವ ಶಕ್ತಿ ನನಗೂ ಇರಲಿಲ್ಲ, ಅವಳು ಮುಟ್ಟುವಂತೆಯೂ ಇರಲಿಲ್ಲ. "ಸಾಕು ಬಿಡು, ಎಚ್ ವರ್ಗೂ ನಮ್ಮ ಆಸ್ತಿ" ಎಂದಳು. ಸೀಮೆಸುಣ್ಣದ ಗೆರೆ ದಿನಾ ಒರೆಸುವಾಗ ಹೋಗುತ್ತಿತ್ತೆಂದು, ಕಿಟಕಿಗೆ ಬಳಿದು ಉಳಿದಿದ್ದ ಹಸಿರು ಬಣ್ಣದಲ್ಲಿ ಆಮೇಲೆ ತಿದ್ದಿದಳು.

ಅವಳು ನನಗೆ ಕಲಿಸಿದ್ದನ್ನು ನಿಮಗೂ ಹೇಳುತ್ತೇನೆ, ಕಷ್ಟವೇನಿಲ್ಲ. ಉದ್ದಕ್ಕೆ ಇಳಿಯುವುದು ಹಾಸು, ಅಡ್ಡಕ್ಕೆ ಹೋಗುವುದು ಹೊಕ್ಕು. ಮಗ್ಗದಲ್ಲಿ ಹಾಸೂ ಹೊಕ್ಕೂ ಕೂಡಿದ ಕಡೆ ಬಟ್ಟೆ ಹುಟ್ಟುತ್ತದೆ, ಇಲ್ಲಿ ಒಂದು ಮನೆ ಹುಟ್ಟುತ್ತದೆ. ಬಿ ಹಾಸೂ ಐದನೆಯ ಹೊಕ್ಕೂ ಕೂಡಿದರೆ ಆ ಮನೆಯ ಹೆಸರು ಬಿ ಐದು. ಒಂದು ಮನೆಯಲ್ಲಿ ಒಂದೇ ಅಂಕಿ ಇರಬೇಕು, ಒಂದು ಮನೆಗೆ ಒಂದೇ ಒಲೆ ಇದ್ದ ಹಾಗೆ. ನೀವು ಯಾವ ಮನೆಯ ಮುಂದೆ ನಿಂತಿದ್ದೀರಿ ಎಂದು ತೋರಿಸುವ ಗುರುತು ಕರ್ಸರ್. ನಮ್ಮಲ್ಲಿ ಅದು ಕುಂಕುಮದ ಭರಣಿಯ ಮುಚ್ಚಳ. ಅಂಕಿಗಳು ಹಳೆಯ ಕ್ಯಾಲೆಂಡರಿನ ಚೀಟಿಗಳು, ಹಾರದಂತೆ ಅವುಗಳ ಮೇಲೆ ಒಂದೊಂದು ಹುಣಸೆ ಬೀಜ. ಕೂಡಿಸಬೇಕಾದರೆ ಮೊದಲು ಜಿಲೇಬಿಯಂಥ ಒಂದು ಚಿಹ್ನೆ ಹಾಕಿ, ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳಬೇಕು. ಮೆಷೀನು ಕೂಡಿ ಕೊಡುತ್ತದೆ.

ಮೆಷೀನು ಯಾರು? ನಾನು.

"ಅತ್ಗೆ, ನೀನು ಈಗ ಮೆಷೀನು. ಮೆಷೀನು 'ಪುಳಿಗೆ ಬೆಲ್ಲ ಹಾಕ್ಲಾ' ಅಂತ ಕೇಳಾದಿಲ್ಲ. ನಾನು ತಟ್ಟೋವರ್ಗೂ ಬಾಯಿ ಬಿಡ್ಬೇಡ" ಎನ್ನುತ್ತಿದ್ದಳು. ಅವಳು ನನ್ನ ಮೊಣಕಾಲಿನ ಮೇಲೆ ಒಂದು ಸಲ ತಟ್ಟಿದರೆ ಎಂಟರ್ ಒತ್ತಿದ ಹಾಗೆ. ತಟ್ಟಿದ ಕೂಡಲೇ ನಾನು ಬೆರಳೆಣಿಸಿ ಕೂಡಿ, ಚೀಟಿಯಲ್ಲಿ ಬರೆದು ಇಡಬೇಕು. ಕಷ್ಟ ಇರುವುದು ಅಲ್ಲಲ್ಲ. ಅವಳು ಮೇಲಿನ ಒಂದು ಚೀಟಿ ಬದಲಾಯಿಸಿಬಿಡುತ್ತಿದ್ದಳು. ಆಗ ಅದನ್ನು ನಂಬಿಕೊಂಡ ಮನೆಗಳೆಲ್ಲ ತಾವಾಗಿಯೇ ಬದಲಾಗಬೇಕು. ಕಂಪ್ಯೂಟರಿನಲ್ಲಿ ಅದು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಆಗುತ್ತದಂತೆ. ನಮ್ಮ ನೆಲದಲ್ಲಿ ನಾನು ಮೊಣಕಾಲೂರಿಕೊಂಡು ಓಡಾಡಿ, ಅಷ್ಟೂ ಚೀಟಿ ಹರಿದು ಹೊಸದು ಬರೆಯಬೇಕು. ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. "ಈ ಮೆಷೀನು ಬಹಳ ಸ್ಲೋ, ಆದ್ರೆ ಕರೆಂಟ್ ಕಟ್ ಇಲ್ಲ" ಎಂದು ರುಕ್ಕು ಸರ್ಟಿಫಿಕೇಟು ಕೊಟ್ಟಿದ್ದಳು.

ಮೊದಲು ನಾವು ಮನೆಯವರು ತಿಂದ ಇಡ್ಲಿಯ ಲೆಕ್ಕ ಹಾಕಿದೆವು. ನಮ್ಮವರ ಸಾಲಿನ ಮೊತ್ತ ಉಳಿದ ಮೂವರದ್ದು ಸೇರಿಸಿದ್ದನ್ನೂ ಮೀರಿತ್ತು. ಅತ್ತೆ ನೋಡಿ ಬಯ್ದರು. "ಗಂಡಸರು ತಿನ್ನಾದ ಎಣಿಸ್ತಾರಾ? ಕಣ್ಣು ಬಿದ್ದೋಗ್ತದೆ. ಅಳಿಸು." ಅಳಿಸಿ, ಬೀದಿ ನಲ್ಲಿಯಲ್ಲಿ ಯಾವ ಮನೆಯವರು ಎಷ್ಟು ಕೊಡ ನೀರು ಹಿಡಿಯುತ್ತಾರೆ ಎಂದು ಬರೆದೆವು. ಅದು ಎರಡೇ ದಿನಕ್ಕೆ ಬೀದಿಯೆಲ್ಲ ಗೊತ್ತಾಯಿತು. ರುಕ್ಕು ಇದನ್ನೆಲ್ಲ ಕಂಪ್ಯೂಟರಿಗೆ ಹಾಕಿ ಮುನಿಸಿಪಾಲಿಟಿಗೆ ಕಳಿಸುತ್ತಾಳಂತೆ ಎಂದು ಮಾತಾಯಿತು. ಸರದಿ ಮುರಿದು ನೀರು ಹಿಡಿಯುವುದರಲ್ಲಿ ಹೆಸರಾದ ಪಕ್ಕದ ಮನೆಯಾಕೆ ಮರುದಿನ ಒಂದು ಕಂತೆ ನುಗ್ಗೆಕಾಯಿ ತಂದು ಕೊಟ್ಟು, ರುಕ್ಕುವಿನ ಆರೋಗ್ಯ ವಿಚಾರಿಸಿಕೊಂಡು ಹೋದರು. ಆ ನುಗ್ಗೆಕಾಯಿಯ ಸಾರನ್ನು ಉಣ್ಣುವಾಗ ರುಕ್ಕು ನಕ್ಕು ನಕ್ಕು, ಉಸಿರು ಸಿಕ್ಕಿಕೊಂಡು, ಗೋಡೆಗೊರಗಿ ಕಣ್ಣು ಮುಚ್ಚಿದಳು. ನಾವೂ ನಗುವುದನ್ನು ನಿಲ್ಲಿಸಿದೆವು. ಅವಳ ಜೊತೆ ನಗಲೂ ಅಳತೆ ಬೇಕಾಗಿತ್ತು.

ಒಂದು ಮಾತು ಬಿಟ್ಟೆ. ಅದನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ನಮ್ಮ ಮಾವನವರು ಮಗ್ಗಕ್ಕೆ ಹೊಸ ಹಾಸು ಏರಿಸಿದಾಗ ಮೊದಲ ನಾಲ್ಕು ಬೆರಳಗಲವನ್ನು ಬಣ್ಣವಿಲ್ಲದೆ, ಅಂಚಿಲ್ಲದೆ ಬರಿದಾಗಿ ನೇಯುತ್ತಿದ್ದರು. ಅದು ಅಮ್ಮನ ಪಾಲು. ಸೀರೆಯ ಲೆಕ್ಕಕ್ಕೆ ಅದು ಬರುವಂತಿಲ್ಲ. ಸೀರೆ ಇಳಿಸಿದ ಮೇಲೆ ಆ ಪಟ್ಟಿಯನ್ನು ಕತ್ತರಿಸಿ, ಅರಿಸಿನ ಹಚ್ಚಿ, ದೇವರ ಗೂಡಿನಲ್ಲಿ ಇಡುತ್ತಿದ್ದರು. ಅಪ್ಪನ ಲಾಳಿಯ ಸದ್ದಿನಲ್ಲಿ ನಿದ್ದೆ ಮಾಡಿ ಬೆಳೆದ ರುಕ್ಕು ನೆಲದ ಮೇಲೆ ಗೆರೆ ಎಳೆದ ದಿನವೇ ಹೇಳಿದ್ದಳು, ಮೊದಲ ಸಾಲು ಚೌಡಮ್ಮನದು, ಅದರಲ್ಲಿ ಏನೂ ಬರೆಯಕೂಡದು ಎಂದು. ಕ್ಲಾಸಿನಲ್ಲಿಯೂ ಹಾಗೇ ಮಾಡುತ್ತಿದ್ದಳು. ಮೆಷೀನು ತೆರೆದ ಕೂಡಲೇ ಕರ್ಸರ್ ತಾನಾಗಿ ಎ ಒಂದರಲ್ಲಿ ಬಂದು ನಿಂತಿರುತ್ತದಂತೆ. "ನೋಡು ಅತ್ಗೆ, ಅದಕ್ಕೂ ಗೊತ್ತು. ಮೊದಲು ಅಮ್ಮನ ಮನೆಗೆ ಹೋಗಿ, ಕೈ ಮುಗ್ದು, ಆಮೇಲೆ ಕೆಳಗೆ ಇಳೀತದೆ." ನಾವು ದಿನಾ ಮುಚ್ಚಳವನ್ನು ಮೊದಲು ಅಲ್ಲಿಟ್ಟೇ ಪಾಠ ಶುರುಮಾಡುತ್ತಿದ್ದೆವು.

ಕ್ಲಾಸು ಮುಗಿಯಿತು. ನಮ್ಮ ಮನೆಯಿಂದ ಎರಡು ಬೀದಿ ಆಚೆ ಒಂದು ಎಕ್ಸ್‌ಪೋರ್ಟ್ ಕಂಪನಿಯಲ್ಲಿ ಪರೀಕ್ಷೆಗೆ ಕರೆದರು. ಬಸ್ಸು ಬೇಡ, ಮೆಟ್ಟಿಲಿಲ್ಲ, ನಿಧಾನವಾಗಿ ನಡೆದು ಹೋಗಬಹುದು. ಇಂಥ ಕೆಲಸ ಇನ್ನೊಂದು ಸಿಗುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅತ್ತೆ ಆ ದಿನ ಒಂದು ಹೊತ್ತು ಉಪವಾಸ ಹಿಡಿದರು. ನಾನು ಜೊತೆಗೆ ಹೋಗಿ ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತೆ. ಒಳಗೆ ಹೊಸ ಬನಿಯನ್ನಿನ ವಾಸನೆ. ಗಾಳಿಯಲ್ಲಿ ತೇಲುವ ಹತ್ತಿಯ ಧೂಳು ನನ್ನ ಕಪ್ಪು ಸೀರೆಯ ಮೇಲೆ ಬಂದು ಕೂರುತ್ತಿತ್ತು. ಆ ದಿನ ಕಪ್ಪು ಸೀರೆ ಯಾಕೆ ಉಟ್ಟೆನೋ ಎಂದು ಪೇಚಾಡಿಕೊಂಡೆ.

ಪರೀಕ್ಷೆ ಮಾಡಿದವರು ಅಲ್ಲಿನ ಮ್ಯಾನೇಜರು, ಹಣೆಗೆ ವಿಭೂತಿ ಇಟ್ಟ ವಯಸ್ಸಾದವರು. ಬಟ್ಟೆ ಚೆಕಿಂಗ್ ಮಾಡುವ ಎಂಟು ಹೆಣ್ಣುಮಕ್ಕಳ ಹೆಸರು, ಯಾರು ಯಾವ ದಿನ ಎಷ್ಟು ಪೀಸು ನೋಡಿದರು ಎಂಬುದು ಒಂದು ಹಾಳೆಯಲ್ಲಿ ಟೈಪಾಗಿತ್ತು. ಅದನ್ನು ಮೆಷೀನಿಗೆ ಹಾಕಿ ಕೂಡಿಸಬೇಕು. ಎಲ್ಲಿಂದ ಎಲ್ಲಿಗೆ ಕೂಡಬೇಕು ಎಂಬುದೂ ಹಾಳೆಯಲ್ಲೇ ಇತ್ತು: ಮೊದಲ ಸಾಲು ತಲೆಬರಹಕ್ಕೆ, ಹೆಸರುಗಳು ಎರಡನೆಯ ಸಾಲಿನಿಂದ ಒಂಬತ್ತನೆಯ ಸಾಲಿನವರೆಗೆ. ರುಕ್ಕುವಿನ ಬೆರಳು ಮಳೆ ಬಿದ್ದ ಹಾಗೆ ಓಡಿದ್ದನ್ನು ನಾನು ಬೆಂಚಿನಿಂದಲೇ ಕೇಳಿದೆ. ನಮ್ಮ ನೆಲದ ಮೇಲೆ ಅಂಥ ಸದ್ದು ಬಂದಿರಲಿಲ್ಲ. ಆಮೇಲೆ ಸದ್ದು ನಿಂತಿತು. ಮ್ಯಾನೇಜರು ಬಗ್ಗಿ ನೋಡಿ, ಮೊತ್ತ ಕಡಿಮೆ ಬಂದಿದೆಯಲ್ಲ ಎಂದರು.

ಆದದ್ದು ಇಷ್ಟು. ಮೊದಲ ಸಾಲನ್ನು ಅಮ್ಮನಿಗೆ ಬಿಟ್ಟು, ರುಕ್ಕು ತಲೆಬರಹವೂ ಸೇರಿ ಎಲ್ಲವನ್ನೂ ಒಂದು ಸಾಲು ಕೆಳಗಿನಿಂದ ಶುರುಮಾಡಿದ್ದಳು. ಎಂಟನೆಯ ಹೆಸರು ಹತ್ತನೆಯ ಸಾಲಿಗೆ ಹೋಗಿತ್ತು. ಕೂಡುವ ಆಜ್ಞೆಯನ್ನು ಮಾತ್ರ ಹಾಳೆಯಲ್ಲಿದ್ದ ಹಾಗೇ ಒಂಬತ್ತರವರೆಗೆ ಎಂದು ಹೊಡೆದಿದ್ದಳು. ಮನೆಯಲ್ಲಿ ಎಂದೂ ಹೀಗೆ ಆಗಿರಲಿಲ್ಲ, ಯಾಕೆಂದರೆ ಮನೆಯಲ್ಲಿ ಎಲ್ಲಿಂದ ಎಲ್ಲಿಗೆ ಎಂದು ಹೇಳುವವಳೂ ಅವಳೇ. ಇಲ್ಲಿ ಕೊನೆಯವಳು ಲೆಕ್ಕದಿಂದ ಹೊರಗೆ ಉಳಿದುಬಿಟ್ಟಳು. ಅವಳ ಹೆಸರು ಕಾಂತಿಮತಿ.

ಮೇಲಿನ ಸಾಲು ಯಾಕೆ ಖಾಲಿ ಎಂದು ಮ್ಯಾನೇಜರು ಕೇಳಿದರು. ರುಕ್ಕುವಿಗೆ ಸುಳ್ಳು ಹೇಳಲು ಬರುವುದಿಲ್ಲ. ಅವಳು ಅಪ್ಪನ ಮಗ್ಗ, ನಾಲ್ಕು ಬೆರಳು, ಚೌಡಮ್ಮ ಎಲ್ಲ ಹೇಳಿದಳು. ಹೊರಗೆ ನಾನು ಮನೆಯಲ್ಲಿದ್ದ ದೇವರಿಗೆಲ್ಲ ಮುಡಿಪು ಕಟ್ಟುತ್ತಿದ್ದೆ. ಅಷ್ಟು ಹೇಳಿ ಅವಳು ಮತ್ತೆ ಮೆಷೀನಿನ ಕಡೆ ತಿರುಗಿ, ಒಂಬತ್ತನ್ನು ಹತ್ತು ಮಾಡಿ, ಎಂಟರ್ ಒತ್ತಿದಳು. ಮೊತ್ತ ಸರಿಯಾಯಿತು. ಮೊದಲ ಸಾಲನ್ನು ಮಾತ್ರ ಅವಳು ಮುಟ್ಟಲಿಲ್ಲ.

ಮ್ಯಾನೇಜರು ಆ ಖಾಲಿ ಸಾಲನ್ನು ಇನ್ನೊಮ್ಮೆ ನೋಡಿದರು. ಆಮೇಲೆ, ನಮ್ಮ ತಿರುಪ್ಪೂರಿನ ಸುತ್ತಲಿನ ಕೊಂಗು ನಾಡಿನವರು ಮಗಳ ವಯಸ್ಸಿನವಳಿಗೂ ಮರ್ಯಾದೆ ಕೊಟ್ಟು ಆಡುವ ಹಾಗೆ, ಮೆಲ್ಲಗೆ ಹೇಳಿದರು:

"ಸಾಮಿಕ್ಕು ವಿಟ್ಟದು ಸರಿಂಗ ಅಮ್ಮಣಿ. ಕಡೈಸಿ ಆಳೆ ವಿಟ್ರಾದೀಂಗ."

ದೇವರಿಗೆ ಜಾಗ ಬಿಟ್ಟದ್ದು ಸರಿ ಕಣ್ರಮ್ಮ, ಕೊನೆಯವರನ್ನು ಬಿಟ್ಟುಬಿಡಬೇಡಿ ಎಂದು. ಸೋಮವಾರದಿಂದ ಬನ್ನಿ ಎಂದೂ ಹೇಳಿದರು. ದಾರಿಯಲ್ಲಿ ರುಕ್ಕು ನನ್ನ ತೋಳು ಹಿಡಿದು ನಡೆದಳು. ಮನೆ ಬರುವವರೆಗೂ ಅವಳು ಮರುಗಿಕೊಂಡು ಆಡಿದ್ದು ಒಂದೇ ಮಾತು: "ಪಾವಂ, ಆ ಕಾಂತಿಮತಿ ಯಾರೋ." ಕೆಲಸಕ್ಕೆ ಸೇರಿದ ಮೊದಲ ದಿನವೇ ಚೆಕಿಂಗ್ ವಿಭಾಗಕ್ಕೆ ಹೋಗಿ ಅವಳನ್ನು ಹುಡುಕಿ ಮಾತಾಡಿಸಿದಳಂತೆ. ಸಣ್ಣ ಹುಡುಗಿ, ಹತ್ತನೆಯವರೆಗೆ ಓದಿದ್ದಳು. ಊಟದ ಬಿಡುವಿನಲ್ಲಿ ಅವಳನ್ನು ಮೆಷೀನಿನ ಮುಂದೆ ಕೂರಿಸಿಕೊಂಡು ಹಾಸು, ಹೊಕ್ಕು ಎಂದು ಶುರುಮಾಡಿದಳು.

ಆ ಕೆಲವು ತಿಂಗಳು ನಮ್ಮ ಮನೆಯ ಒಳ್ಳೆಯ ಕಾಲ. ಸಂಜೆ ಇಬ್ಬರು ದುಡಿದು ಬರುತ್ತಿದ್ದರು, ಒಬ್ಬರಲ್ಲಿ ಕೊಬ್ಬರಿಯ ವಾಸನೆ, ಇನ್ನೊಬ್ಬಳ ಕೂದಲಲ್ಲಿ ಹತ್ತಿಯ ಎಳೆ. ಎಸಿ ರೂಮಿನಲ್ಲಿ ಚಳಿ ಎಂದು ನೀಲಿ ಸ್ವೆಟರೊಂದು ಕೊಂಡಳು. ತಿರುಪ್ಪೂರಿನ ಬಿಸಿಲಿನಲ್ಲಿ ಸ್ವೆಟರು ಹೊತ್ತು ಹೋಗುವ ಹೆಣ್ಣನ್ನು ಬೀದಿಯೇ ಬೆರಗಾಗಿ ನೋಡಿತು. ನಮ್ಮ ನೆಲದ ಪಾಠ ನಿಂತಿತ್ತು. ಮುಚ್ಚಳ ಆ ದಿನಗಳಲ್ಲೇ ಎಲ್ಲೋ ಉರುಳಿ ಕಳೆದುಹೋಯಿತು. ಅವಳಿಗೆ ಇನ್ನು ಅದರ ಅಗತ್ಯವಿಲ್ಲ, ನಿಜವಾದ ಕರ್ಸರ್ ಇದೆ ಎಂದು ಅತ್ತೆಗೆ ನಾನೇ ಸಮಾಧಾನ ಹೇಳಿದೆ.

ಮಾರ್ಗಳಿ ತಿಂಗಳ, ಅಂದರೆ ನಮ್ಮ ಧನುರ್ಮಾಸದ, ಒಂದು ಬೆಳಿಗ್ಗೆ, ನಾನು ಬಾಗಿಲಲ್ಲಿ ಕೋಲ ಹಾಕುತ್ತಿದ್ದಾಗ, ಹೊಸ್ತಿಲ ಮೇಲೆ ಕೂತು ನೋಡುತ್ತಿದ್ದವಳು ಎದೆ ಹಿಡಿದುಕೊಂಡಳು. ಕೊಯಮತ್ತೂರಿಗೆ ಕರೆದೊಯ್ದೆವು. ದೇವರ ದಯೆ, ಮಂಚ ಸಿಕ್ಕಿತು. ದೇವರ ದಯೆ, ಡಾಕ್ಟರು ಇದ್ದರು. ನಾನು ಇಂಥವನ್ನು ಎಣಿಸುವವಳು. ಎಣಿಸಲು ಇನ್ನೇನೂ ಸಿಗದ ಹೊತ್ತು ಬಂತು. ಮಧ್ಯಾಹ್ನ ನಮ್ಮವರು ಔಷಧಿ ತರಲು ಹೋಗಿದ್ದರು. ನಾನು ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತಿದ್ದೆ. ಅವಳು ಕಣ್ಣು ತೆರೆದಳು. ಮಾತಾಡಲು ಉಸಿರಿರಲಿಲ್ಲ. ಕೈ ಇಳಿಬಿಟ್ಟು, ನನ್ನ ಮೊಣಕಾಲನ್ನು ಹುಡುಕಿ, ಒಂದು ಸಲ ತಟ್ಟಿದಳು.

ಮೆಷೀನು ಉತ್ತರ ಕೊಡಬೇಕಾಗಿತ್ತು. ನಾನು ಅವಳ ಕೈ ಹಿಡಿದುಕೊಂಡೆ, ಅಷ್ಟೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅವಳು ಇರಲಿಲ್ಲ.

ಅವಳ ಸ್ಪ್ರೆಡ್‌ಶೀಟಿನಲ್ಲಿ ಒಂದು ಅಂಕಿ ಅಳಿಸಿದರೆ ಮಿಕ್ಕದ್ದೆಲ್ಲ ಕ್ಷಣದಲ್ಲಿ ಹೊಸ ಲೆಕ್ಕಕ್ಕೆ ಹೊಂದಿಕೊಳ್ಳುತ್ತಿತ್ತು. ಮನೆ ಹಾಗಲ್ಲ. ಅಕ್ಕಿ ಅಳೆಯುವ ನನ್ನ ಕೈ ಹಳೆಯ ಲೆಕ್ಕವನ್ನೇ ಅಳೆಯಿತು. ಅತ್ತೆ ಬಹಳ ದಿನ ನಾಲ್ಕು ತಟ್ಟೆ ಇಟ್ಟು, ಒಂದನ್ನು ತೆಗೆದು ಕವುಚಿ ಹಾಕಿದರು. ನಮ್ಮವರು ಸೂಜಿ ಹಾಕಿಸುವ ದಿನ ಬಂದಾಗ ಗಿರಣಿಯಲ್ಲಿ ರಜೆ ಕೇಳಿ, ಆಮೇಲೆ ನೆನಪಾಗಿ, ಹೆಚ್ಚು ಕೆಲಸ ಮಾಡಿ ಬಂದರು. ಯಾವ ಮನೆಯೂ ತಾನಾಗಿ ಬದಲಾಗಲಿಲ್ಲ. ಒಂದೊಂದು ಚೀಟಿಯನ್ನೂ ಕೈಯಿಂದಲೇ ಹರಿದು ಬರೆಯಬೇಕಾಯಿತು. ಅದು ಇನ್ನೂ ಮುಗಿದಿಲ್ಲ.

ಒಂದು ವರ್ಷದ ಮೇಲೆ ಕಾಂತಿಮತಿ ನಮ್ಮ ಮನೆಗೆ ಬಂದಳು. ಕಂಪನಿಯ ಬೀರುವಿನಲ್ಲಿ ಇದ್ದುಬಿಟ್ಟಿದ್ದ ನೀಲಿ ಸ್ವೆಟರನ್ನು ಒಗೆದು, ಮಡಿಸಿ, ಹೂವಿನ ಜೊತೆ ತಂದಿದ್ದಳು. ಈಗ ರುಕ್ಕುವಿನ ಕುರ್ಚಿಯಲ್ಲಿ ಕೂರುವವಳು ಅವಳೇ ಅಂತೆ. ಅತ್ತೆ ಸ್ವೆಟರನ್ನು ಮಡಿಲಲ್ಲಿ ಇಟ್ಟುಕೊಂಡು ಕೂತರು. ನಾನು ಕಾಫಿ ಕೊಟ್ಟೆ. ಹುಡುಗಿಯ ಕಣ್ಣು ನೆಲದ ಮೇಲಿನ ಹಸಿರು ಗೆರೆಗಳ ಮೇಲೆ ಬಿತ್ತು. ಎದ್ದು ಹೋಗಿ, ಬಗ್ಗಿ, ಬೆರಳಿನಿಂದ ಮೊದಲ ಸಾಲನ್ನು ಸವರಿದಳು.

ಕಂಪನಿಯಲ್ಲಿ ರುಕ್ಕು ಮಾಡಿಟ್ಟ ಶೀಟುಗಳನ್ನೇ ನಕಲು ಮಾಡಿಕೊಂಡು ಎಲ್ಲರೂ ಕೆಲಸ ಮಾಡುತ್ತಾರೆ ಎಂದಳು. ಎಲ್ಲದರಲ್ಲಿಯೂ ಮೊದಲ ಸಾಲು ಖಾಲಿಯಂತೆ. ಮ್ಯಾನೇಜರೂ ತೆಗೆಯಬೇಡಿ ಎಂದಿದ್ದಾರಂತೆ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮೊನ್ನೆ ಅಲ್ಲಿ ಏನೋ ಹೊಡೆಯಲು ಹೋದಳು, ನಾನು ಬಿಡಲಿಲ್ಲ ಎಂದಳು.

"ಏನಂದೆ ಅವಳಿಗೆ?" ಎಂದು ಕೇಳಿದೆ.

"ಅದು ರುಕ್ಕು ಅಕ್ಕಾವೋಡ ಲೈನು, ತೊಡಾದೇನ್ನೇನುಂಗ ಅಕ್ಕಾ."

ಅದು ರುಕ್ಕು ಅಕ್ಕನ ಸಾಲು, ಮುಟ್ಟಬೇಡ ಅಂದೆ ಎಂದು. ಅಲ್ಲಮ್ಮ, ಅದು ಚೌಡಮ್ಮನದು, ರುಕ್ಕುವೇ ಬಿಟ್ಟುಕೊಟ್ಟದ್ದು ಎಂದು ತಿದ್ದಲು ನನ್ನ ಬಾಯಿಗೆ ಬಂತು. ಅತ್ತೆಯ ಮುಖ ನೋಡಿದೆ. ಅವರು ಸ್ವೆಟರಿನ ಮೇಲೆ ಕೈ ಆಡಿಸುತ್ತಾ ತಲೆ ಅಲ್ಲಾಡಿಸಿದರು. ನಾನು ತಿದ್ದಲಿಲ್ಲ. ಅಮ್ಮನಿಗೆ ಬೇಸರವಾಗಿದ್ದರೆ ಅವಳು ಹೇಗೂ ತಿಳಿಸುತ್ತಿದ್ದಳು.

ಒರಳು ಹೋದ ಜಾಗದಲ್ಲಿ ಈಗ ಸಿಮೆಂಟು ಹೊಸದರ ಹಾಗೆ ಬೆಳ್ಳಗಿದೆ. ಐ, ಜೆ ಎಂದು ಇನ್ನೆರಡು ಹಾಸು ಬರೆಯುವಷ್ಟು ಜಾಗ. ಅವೆರಡನ್ನು ಬರೆಯಲು ನನಗೆ ಬರುವುದಿಲ್ಲ, ಕಲಿಸುವವಳಿಲ್ಲ. ಹಿತ್ತಲಿನಿಂದ ಆಳುಗಳು ಕೆಮ್ಮಿದರು. ಮುಚ್ಚಳವನ್ನು ಭರಣಿಗೆ ಹಾಕೋಣ ಎಂದು ಎದ್ದವಳು ಹಾಕಲಿಲ್ಲ. ಮೊದಲ ಸಾಲಿನಲ್ಲಿ, ಎ ಹಾಸಿನ ಮನೆಯಲ್ಲಿ ಅದನ್ನು ಇಟ್ಟು, ಕೈ ಮುಗಿದು, ಕಾಫಿ ಕಾಸಲು ಹೋದೆ.